ಗುಂಡಿನ ತೂಕ, ಕೈಯ ಅಳವು

ಆಯುಧಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ದೊಡ್ಡ ಆಯುಧಗಳನ್ನು ಕುರಿತೇ ಬರೆಯುವರು. ಫಿರಂಗಿ, ಯುದ್ಧನೌಕೆ, ವಿಮಾನ ಇವುಗಳ ಮುಂದೆ ಸೊಂಟದಲ್ಲಿ ತೂಗುವ ಪಿಸ್ತೂಲಿಗೆ ಗಣ್ಯತೆಯು ಕಡಿಮೆ. ಅದರಿಂದ ರಾಜ್ಯಗಳು ಏಳಲಿಲ್ಲ, ಬೀಳಲಿಲ್ಲ. ಆದರೂ ಈ ಚಿಕ್ಕ ಆಯುಧದ ವಿಷಯವಾಗಿ ಒಂದು ವಾದವು ನೂರು ವರ್ಷಗಳಿಗೂ ಮಿಕ್ಕಿ ನಡೆದುಬಂದಿದೆ. ಸೇನಾಧಿಪತಿಗಳು, ವೈದ್ಯರು, ಯಂತ್ರಶಿಲ್ಪಿಗಳು, ಪೊಲೀಸು ಅಧಿಕಾರಿಗಳು ಎಲ್ಲರೂ ಇದರಲ್ಲಿ ಪಾಲುಗೊಂಡಿದ್ದಾರೆ. ಭಾರವಾದ ದೊಡ್ಡ ಗುಂಡು ಮೇಲೋ, ಹಗುರವಾದ ವೇಗದ ಗುಂಡು ಮೇಲೋ ಎಂಬುದೇ ಆ ವಾದ. ಪಿಸ್ತೂಲನ್ನು ಕಣ್ಣಿನಿಂದಲೂ ಕಾಣದ ಗೃಹಸ್ಥರಿಗೆ ಇದರಿಂದೇನು ಪ್ರಯೋಜನವೆಂದು ವಾಚಕರು ಕೇಳಬಹುದು. ಮನುಷ್ಯನು ಉಪಕರಣವನ್ನು ಅಳೆಯುವಾಗ ಅದನ್ನು ಹಿಡಿಯತಕ್ಕ ಕೈಯನ್ನು ಎಷ್ಟು ಸುಲಭವಾಗಿ ಮರೆಯುತ್ತಾನೆಂಬುದು ಈ ಕಥೆಯಿಂದ ಚೆನ್ನಾಗಿ ತಿಳಿಯುವುದರಿಂದ, ಇದನ್ನು ಇಲ್ಲಿ ನಿರೂಪಿಸಲು ತೊಡಗಿದ್ದೇನೆ.

ವಾದಕ್ಕೆ ಗುರಿಯಾದ ತೋಟಾಗಳು ಎರಡು. ಮೊದಲನೆಯದು ಜರ್ಮನಿಯದು. ಗೆಯೋರ್ಗ್ ಲೂಗರ್ ಎಂಬ ಶಿಲ್ಪಿಯು ೧೯೦೨ರ ಸುಮಾರಿಗೆ ಇದನ್ನು ರೂಪಿಸಿದನು. ಇದರ ಗುಂಡಿನ ಅಡ್ಡಳತೆ ೯ ಮಿಲ್ಲಿಮೀಟರು. ತೂಕ ೮ ಗ್ರಾಂ, ಎಂದರೆ ನಮ್ಮ ಮುಕ್ಕಾಲು ತೊಲಕ್ಕೂ ಸ್ವಲ್ಪ ಕಡಿಮೆ. ಜರ್ಮನಿಯ ನೌಕಾಬಲವು ೧೯೦೪ರಲ್ಲಿಯೂ ಭೂಸೈನ್ಯವು ೧೯೦೮ರಲ್ಲಿಯೂ ಇದನ್ನು ಸ್ವೀಕರಿಸಿದುವು. ಶಾಂತಿಯನ್ನು ಬಯಸುವೆಯಾದರೆ ಯುದ್ಧಕ್ಕೆ ಸಿದ್ಧನಾಗು ಎಂಬರ್ಥದ ಒಂದು ಲ್ಯಾಟಿನ್ ನಾಣ್ನುಡಿಯ ಕೊನೆಯ ಎರಡು ಪದಗಳನ್ನು ಕೂಡಿಸಿ ಇದಕ್ಕೆ ಪ್ಯಾರಬೆಲ್ಲಂ ಎಂದು ಹೆಸರಿಟ್ಟರು. ಎರಡನೆಯದು ಅಮೆರಿಕದ್ದು. ಇದರ ಗುಂಡಿನ ಅಡ್ಡಳತೆ ೦.೪೫ ಅಂಗುಲ, ಎಂದರೆ ಸುಮಾರು ಹನ್ನೊಂದೂವರೆ ಮಿಲ್ಲಿಮೀಟರು. ತೂಕ ಸುಮಾರು ೧೫ ಗ್ರಾಂ, ಎಂದರೆ ಒಂದೂಕಾಲು ತೊಲಕ್ಕೆ ತುಸು ಹೆಚ್ಚು. ಇವನ್ನು ಮುಂದೆ ಒಂಬತ್ತರ ತೋಟಾ, ನಲವತ್ತೈದರ ತೋಟಾ ಎಂದು ಸಂಕ್ಷೇಪವಾಗಿ ಕರೆಯುವೆನು.

ಅಮೆರಿಕದವರು ದೊಡ್ಡ ಗುಂಡಿಗೆ ಒಲಿದುದಕ್ಕೆ ಕಾರಣವು ಫಿಲಿಪ್ಪೈನ್ ದ್ವೀಪಗಳಲ್ಲಿ ನಡೆದ ಯುದ್ಧ. ೧೮೯೯ರಲ್ಲಿ ಆ ದ್ವೀಪಗಳನ್ನು ವಶಮಾಡಿಕೊಳ್ಳಲು ಹೋದ ಅಮೆರಿಕದ ಅಧಿಕಾರಿಗಳ ಸೊಂಟದಲ್ಲಿ ೦.೩೮ ಅಂಗುಲದ ರಿವಾಲ್ವರುಗಳಿದ್ದುವು. ಅದಕ್ಕೆ ಹಿಂದೆ ಇದ್ದ ೧೮೭೩ರ ಮಾದರಿಯ ನಲವತ್ತೈದರ ರಿವಾಲ್ವರನ್ನು ತೆಗೆದು ೧೮೯೨ರಲ್ಲಿ ಈ ಹಗುರವಾದುದನ್ನು ಕೊಟ್ಟಿದ್ದರು. ದಕ್ಷಿಣದ ಮಿಂಡನಾವೊ, ಸುಲು ಪ್ರಾಂತಗಳ ಮೋರೋ ಜನರು ತಮ್ಮ ನೆಲವನ್ನು ಕಾಯುವುದಕ್ಕೆ ಕತ್ತಿಯನ್ನು ಹಿಡಿದು ಮೇಲೆ ಬೀಳುವಾಗ, ಈ ಚಿಕ್ಕ ಗುಂಡು ತಗಲಿದರೂ ಅವರು ನಿಲ್ಲುವುದಿಲ್ಲವೆಂಬ ದೂರು ಮೇಲಿಂದ ಮೇಲೆ ಬಂದಿತು. ಉಗ್ರಾಣದಲ್ಲಿ ಧೂಳು ಹಿಡಿದಿದ್ದ ಹಳೆಯ ನಲವತ್ತೈದರ ರಿವಾಲ್ವರುಗಳನ್ನು ಹೊರದೆಗೆದು ದ್ವೀಪಗಳಿಗೆ ಕಳುಹಬೇಕಾಯಿತು. ತನ್ನ ಮನೆಯನ್ನು ಕಾಯುವವನ ಧೈರ್ಯವನ್ನು ಗುಂಡಿನ ಕೊರತೆಯೆಂದು ಲೆಕ್ಕ ಬರೆದುಕೊಂಡ ಸಂಗತಿಯನ್ನು ನಾವು ಮರೆಯಲಾಗದು. ಆದರೆ ಸೈನ್ಯವು ಲೆಕ್ಕಹಾಕಿದುದು ಹಾಗೆಯೇ.

ಈ ದೂರನ್ನು ಶೋಧಿಸುವುದಕ್ಕಾಗಿ ೧೯೦೪ರಲ್ಲಿ ಒಂದು ಮಂಡಲಿಯನ್ನು ನೇಮಿಸಿದರು. ಅದರಲ್ಲಿ ಇದ್ದವರು ಇಬ್ಬರು: ಆಯುಧ ಇಲಾಖೆಯ ಜಾನ್ ಥಾಮ್ಸನ್, ವೈದ್ಯ ಇಲಾಖೆಯ ಲೂಯಿ ಲಾಗಾರ್ಡ್. ಇವರು ಷಿಕಾಗೋ ನಗರದ ಕಸಾಯಿದೊಡ್ಡಿಗಳಿಗೆ ಹೋಗಿ ಅಲ್ಲಿನ ದನಗಳ ಮೇಲೆ ನಾನಾ ಅಳತೆಯ ಗುಂಡುಗಳನ್ನು ಹಾರಿಸಿ, ಯಾವುದು ಎಷ್ಟು ಹೊತ್ತಿನಲ್ಲಿ ಬಿದ್ದಿತೆಂದು ಬರೆದುಕೊಂಡರು. ಮನುಷ್ಯರ ಶವಗಳನ್ನು ತೂಗುಹಾಕಿ, ಗುಂಡು ತಗಲಿದಾಗ ಅವು ಎಷ್ಟು ಓಲಾಡುವುವೆಂದು ನೋಡಿದರು. ಓದುವುದಕ್ಕೆ ಹೇಸಿಗೆಯಾಗುವ ಈ ಪರೀಕ್ಷೆಯಿಂದ ಅವರು ಎರಡು ಮಾತುಗಳನ್ನು ಹೇಳಿದರು. ಯುದ್ಧದ ಪಿಸ್ತೂಲಿನ ಗುಂಡು ೦.೪೫ ಅಂಗುಲಕ್ಕೆ ಕಡಿಮೆಯಿರಬಾರದೆಂಬುದು ಮೊದಲನೆಯದು. ಶರೀರದಲ್ಲಿ ಗುಂಡು ತಗಲಿದ ಕ್ಷಣವೇ ಮನುಷ್ಯನನ್ನು ನಿಲ್ಲಿಸುವ ಸ್ಥಳಗಳು ಬಹಳ ಸ್ವಲ್ಪವಾದುದರಿಂದ, ಪಿಸ್ತೂಲು ಹಿಡಿಯುವ ಸಿಪಾಯಿಗೆ ಗುರಿಯಿಡುವ ಅಭ್ಯಾಸವನ್ನು ಬಿಡದೆ ಮಾಡಿಸಬೇಕೆಂಬುದು ಎರಡನೆಯದು. ಮೊದಲನೆಯ ಮಾತು ಜಗತ್ಪ್ರಸಿದ್ಧವಾಯಿತು. ಎರಡನೆಯದನ್ನು ಬಹುಮಟ್ಟಿಗೆ ಮರೆತರು. ಮುಂದಿನ ನೂರು ವರ್ಷಗಳ ವಾದವೆಲ್ಲ ಈ ಮರೆವಿನಿಂದ ಹುಟ್ಟಿದುದೆಂದು ಹೇಳಿದರೆ ಹೆಚ್ಚು ತಪ್ಪಾಗದು. ಆ ಮಂಡಲಿಯು ದನವನ್ನು ಪರೀಕ್ಷಿಸಿತು, ಶವವನ್ನು ಪರೀಕ್ಷಿಸಿತು. ಗುಂಡು ಹಾರಿಸುವವನ ಕೈಯನ್ನು ಪರೀಕ್ಷಿಸುವುದು ಅದರ ಕೆಲಸವಾಗಿರಲಿಲ್ಲ.

ಕೈಗೂ ಗುಂಡಿಗೂ ಇರುವ ಸಂಬಂಧವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅವಶ್ಯ. ಪ್ರತಿಯೊಂದು ತಳ್ಳಿಕೆಗೂ ಅಷ್ಟೇ ಬಲದ ಎದುರು ತಳ್ಳಿಕೆಯುಂಟೆಂಬ ನ್ಯೂಟನ್ ಮಹಾಶಯನ ನಿಯಮವನ್ನು ಶಾಲೆಯ ಮಕ್ಕಳೂ ಬಲ್ಲರು. ಮದ್ದು ಗುಂಡನ್ನು ಮುಂದಕ್ಕೆ ನೂಕುವಾಗ ಪಿಸ್ತೂಲನ್ನು ಹಿಂದಕ್ಕೆ ನೂಕುವುದು. ಇದಕ್ಕೆ ಬಂದೂಕಿನ ಒದೆತವೆಂದು ಹೆಸರು. ನಲವತ್ತೈದರ ಗುಂಡು ನಳಿಗೆಯಿಂದ ಸೆಕೆಂಡಿಗೆ ಸುಮಾರು ೨೫೦ ಮೀಟರು ವೇಗದಲ್ಲಿ ಹೊರಡುವುದು. ಒಂಬತ್ತರ ಗುಂಡು ಸುಮಾರು ೩೫೦ ಮೀಟರು ವೇಗದಲ್ಲಿ. ತೂಕವನ್ನೂ ವೇಗದ ವರ್ಗವನ್ನೂ ಗುಣಿಸಿ ಅರ್ಧಮಾಡಿದರೆ ಗುಂಡಿನ ಶಕ್ತಿಯು ಬರುವುದು. ಹೀಗೆ ಗುಣಿಸಿದರೆ ಎರಡು ಗುಂಡುಗಳ ಶಕ್ತಿಯೂ ೪೭೦ರಿಂದ ೪೯೦ ಜೂಲುಗಳೊಳಗೆ ಬಂದು ಹೆಚ್ಚುಕಡಿಮೆ ಸಮವಾಗುವುದು. ಆದರೆ ಕೈಗೆ ತಗಲುವ ಒದೆತವು ವೇಗದ ವರ್ಗವನ್ನು ಅನುಸರಿಸುವುದಿಲ್ಲ. ತೂಕ ವೇಗಗಳ ಸರಳ ಗುಣಲಬ್ಧವನ್ನು ಅನುಸರಿಸುವುದು. ಆ ಲೆಕ್ಕದಲ್ಲಿ ನಲವತ್ತೈದರ ತಳ್ಳಿಕೆಯು ಒಂಬತ್ತರದಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚು. ಎರಡು ತೋಟಾಗಳನ್ನೂ ಒಂದೊಂದು ಕಿಲೋಗ್ರಾಂ ತೂಕದ ಪಿಸ್ತೂಲಿನಿಂದ ಹಾರಿಸಿದರೆ, ಮದ್ದಿನ ಅನಿಲದ ಪಾಲನ್ನು ಬಿಟ್ಟು ನೋಡಿದಾಗ, ನಲವತ್ತೈದರ ಪಿಸ್ತೂಲು ಸುಮಾರು ೭ ಜೂಲು ಶಕ್ತಿಯಿಂದ ಹಿಂದೆ ಬರುವುದು. ಒಂಬತ್ತರದು ಸುಮಾರು ೪ ಜೂಲಿನಿಂದ. ಒಂದು ಕಿಲೋ ತೂಕದ ಕಲ್ಲನ್ನು ೭೨ ಸೆಂಟಿಮೀಟರು ಎತ್ತರದಿಂದ ಅಂಗೈಗೆ ಬಿಡುವುದಕ್ಕೂ ೪೦ ಸೆಂಟಿಮೀಟರು ಎತ್ತರದಿಂದ ಬಿಡುವುದಕ್ಕೂ ಇರುವ ಭೇದವಿದು. ಎದುರಿಗೆ ಹೋಗುವ ಶಕ್ತಿಯು ಸಮವಾಗಿದ್ದರೂ ಹಿಂದಕ್ಕೆ ಬರುವ ಶಕ್ತಿಯು ಸಮವಲ್ಲವೆಂಬ ಈ ಒಂದು ಸಂಗತಿಯಲ್ಲಿ ವಾದದ ಮೂಲವಿದೆ.

ಒದೆತದಿಂದ ಕೈಗೆ ಗಾಯವಾಗುವುದಿಲ್ಲ. ಅಭ್ಯಾಸವುಳ್ಳವರು ಎರಡನ್ನೂ ಸುಲಭವಾಗಿ ತಾಳುವರು. ನಲವತ್ತೈದರದು ನಿಧಾನವಾಗಿ ನೂಕಿದಂತೆಯೂ ಒಂಬತ್ತರದು ಚಟಕ್ಕನೆ ಬಡಿದಂತೆಯೂ ಇರುವುದೆಂದು ಬಲ್ಲವರು ಹೇಳುವರು. ಕೆಡುಕು ಬೇರೆ ಎರಡು ಕಡೆಯಿಂದ ಬರುವುದು. ನಳಿಗೆಯು ಮುಷ್ಟಿಗಿಂತ ಮೇಲಿರುವುದರಿಂದ ಪಿಸ್ತೂಲು ನೇರವಾಗಿ ಹಿಂದೆ ಬರದೆ ಮೂತಿಯನ್ನು ಮೇಲಕ್ಕೆತ್ತುವುದು. ಅದನ್ನು ಮತ್ತೆ ಗುರಿಗೆ ಇಳಿಸುವವರೆಗೆ ಎರಡನೆಯ ಗುಂಡು ಕಾಯಬೇಕು. ಒದೆತ ಹೆಚ್ಚಾದಷ್ಟೂ ಆ ಕಾಲವು ಹೆಚ್ಚು. ಇದು ಒಂದು. ಇನ್ನೊಂದು ಮನಸ್ಸಿಗೆ ಸೇರಿದುದು. ಗುಂಡು ನಳಿಗೆಯನ್ನು ದಾಟುವ ಕಾಲವು ಸೆಕೆಂಡಿನ ಸಾವಿರದ ಒಂದು ಪಾಲು ಮಾತ್ರ. ಆದುದರಿಂದ ಒದೆತವು ಮೊದಲನೆಯ ಗುಂಡಿನ ದಾರಿಯನ್ನು ಹೆಚ್ಚಾಗಿ ಕೆಡಿಸದು. ಒದೆತದ ಭಯವು ಕೆಡಿಸುವುದು. ಬರುವ ಪೆಟ್ಟನ್ನು ನೆನೆದು ಹೊಸಬನ ಮಣಿಕಟ್ಟು ಕುದುರೆಯನ್ನೆಳೆಯುವ ಮೊದಲೇ ಕುಗ್ಗುವುದು. ಮೂತಿಯು ಕೆಳಕ್ಕೆ ಬೀಳುವುದು. ಗುಂಡು ನೆಲವನ್ನು ಹೊಡೆಯುವುದು. ಈ ಭಯಕ್ಕೆ ತೂಕದ ಕಲ್ಲಿಲ್ಲ. ಆದುದರಿಂದಲೇ ಷಿಕಾಗೋವಿನ ಲೆಕ್ಕದಲ್ಲಿ ಅದು ಸಿಕ್ಕಲಿಲ್ಲ.

೧೯೦೪ರ ಮಾತಿನಂತೆ ನಲವತ್ತೈದರ ಪಿಸ್ತೂಲನ್ನು ಮಾಡಿದವನು ಯೂಟಾ ಪ್ರಾಂತದ ಆಗ್ಡನ್ ಊರಿನ ಜಾನ್ ಬ್ರೌನಿಂಗ್. ತನ್ನಷ್ಟಕ್ಕೆ ತಾನೇ ತೋಟಾ ತುಂಬಿಕೊಳ್ಳುವ ಅವನ ಪಿಸ್ತೂಲು ೧೯೧೧ರ ಪರೀಕ್ಷೆಯಲ್ಲಿ ೬೦೦೦ ಗುಂಡುಗಳನ್ನು ಎಡರಿಲ್ಲದೆ ಹಾರಿಸಿತು. ಆ ವರ್ಷದ ಮಾರ್ಚಿ ತಿಂಗಳಲ್ಲಿಯೇ ಸೈನ್ಯವು ಅದನ್ನು ಅಂಗೀಕರಿಸಿತು. ಬರಿದಾಗಿದ್ದಾಗ ಅದರ ತೂಕ ಸುಮಾರು ಒಂದು ಕಿಲೋ ನೂರು ಗ್ರಾಂ. ಆ ತೂಕವೇ ಒದೆತಕ್ಕೆ ಮೊದಲನೆಯ ಮದ್ದು. ಹಿಂದೆ ಜಾರುವ ಉಕ್ಕಿನ ಮೈಯೂ ಅದರ ಸುರುಳಿಕಂಬಿಯೂ ಎರಡನೆಯದು. ಆದರೂ ೧೯೧೪ರಿಂದ ೧೯೧೮ರವರೆಗೆ ನಡೆದ ಮಹಾಯುದ್ಧದಿಂದ ಸಿಪಾಯಿಗಳು ಹಿಂದಿರುಗಿದ ಮೇಲೆ, ೧೯೨೦ರ ದಶಕದಲ್ಲಿ ಇದನ್ನು ತಿದ್ದಬೇಕಾಯಿತು. ಬೆರಳು ಮುಟ್ಟುವಂತೆ ಕುದುರೆಯನ್ನು ಗಿಡ್ಡಮಾಡಿದರು. ಅದರ ಹಿಂದೆ ಬೆರಳಿಗೆ ಇಂಬಾಗುವಂತೆ ಎರಡು ಕಡೆಯೂ ಉಕ್ಕನ್ನು ಕೊರೆದರು. ಹಿಡಿಯ ಬೆನ್ನನ್ನು ಅಂಗೈಗೆ ತುಂಬುವಂತೆ ಉಬ್ಬಿಸಿದರು. ಹೆಬ್ಬೆರಳಿನ ಕವಲನ್ನು ಸುತ್ತಿಗೆ ಕಚ್ಚದಂತೆ ಹಿಂದಿನ ಬಾಲವನ್ನು ಉದ್ದಮಾಡಿದರು. ಗುಂಡನ್ನಾಗಲಿ ಮದ್ದನ್ನಾಗಲಿ ಬದಲಾಯಿಸಲಿಲ್ಲ. ಬದಲಾಯಿಸಿದುದೆಲ್ಲವೂ ಕೈಯ ಸಲುವಾಗಿ.

ಇದೇ ಕಾಲದಲ್ಲಿ ಇಂಗ್ಲೆಂಡಿನವರು ಬೇರೊಂದು ದಾರಿಯನ್ನು ಹಿಡಿದರು. ಅವರ ವೆಬ್ಲಿ ರಿವಾಲ್ವರು ೦.೪೫೫ ಅಂಗುಲದ ಭಾರವಾದ ಗುಂಡಿನದು. ಭಾರತದಲ್ಲಿದ್ದ ಅವರ ಅಧಿಕಾರಿಗಳ ಸೊಂಟದಲ್ಲಿಯೂ ಅದು ಬಹುಕಾಲವಿದ್ದಿತು. ಮಹಾಯುದ್ಧದಲ್ಲಿ ಕೆಲವೇ ವಾರಗಳ ಶಿಕ್ಷಣದಿಂದ ಸೈನ್ಯವನ್ನು ಸೇರಿದವರಿಗೆ ಅಂತಹ ಆಯುಧವನ್ನು ಪಳಗಿಸಿಕೊಳ್ಳುವುದು ಕಷ್ಟವೆಂಬುದನ್ನು ಅವರು ಕಂಡಿದ್ದರು. ಆದುದರಿಂದ ೧೯೩೦ರ ದಶಕದ ಆರಂಭದಲ್ಲಿ ಒದೆತ ಕಡಿಮೆಯಾದ ೦.೩೮ ಅಂಗುಲದ ಎನ್‌ಫೀಲ್ಡ್ ರಿವಾಲ್ವರನ್ನು ತಂದರು. ಅಮೆರಿಕದವರು ಚಿಕ್ಕದನ್ನು ಬಿಟ್ಟು ದೊಡ್ಡದಕ್ಕೆ ಹೋದ ಕಾಲು ಶತಮಾನದಲ್ಲಿ ಇಂಗ್ಲಿಷರು ದೊಡ್ಡದನ್ನು ಬಿಟ್ಟು ಚಿಕ್ಕದಕ್ಕೆ ಬಂದರು. ಒಬ್ಬರು ಗಾಯವನ್ನು ನೋಡಿದರು, ಇನ್ನೊಬ್ಬರು ಕಲಿಯುವವನನ್ನು ನೋಡಿದರು.

ಅಮೆರಿಕದ ಸೈನ್ಯವೂ ಬಾಯಿಂದ ಒಪ್ಪದಿದ್ದರೂ ಕೃತಿಯಿಂದ ಒಪ್ಪಿತೆಂಬುದಕ್ಕೆ ೧೯೪೧ರ ಒಂದು ನಿರ್ಣಯವು ಸಾಕ್ಷಿ. ಅಡಿಗೆಯವರು, ಗುಮಾಸ್ತರು, ಗಾಡಿ ನಡೆಸುವವರು, ಫಿರಂಗಿಯವರು ಪಿಸ್ತೂಲಿನಿಂದ ಗುರಿ ಹೊಡೆಯುವುದು ದುಸ್ತರವೆಂದು ಕಂಡು, ಅವರಲ್ಲಿ ಬಹುಜನಕ್ಕೆ ಹೆಗಲಿಗೆ ಆನಿಸಿ ಹೊಡೆಯುವ ಕಾರ್ಬೈನ್ ಎಂಬ ಹಗುರವಾದ ಬಂದೂಕನ್ನು ಆ ವರ್ಷ ಗೊತ್ತುಮಾಡಿದರು. ನಲವತ್ತೈದರ ಗುಂಡು ಎಷ್ಟೇ ಬಲವಾದುದಾದರೂ ತಗಲದಿದ್ದರೆ ಅದರ ಬಲವೆಲ್ಲ ಮಣ್ಣಿಗೆ ಸಲ್ಲುವುದಷ್ಟೆ.

ಇತ್ತ ಒಂಬತ್ತರ ತೋಟಾ ಯೂರೋಪನ್ನು ವ್ಯಾಪಿಸುತ್ತಿದ್ದಿತು. ನಲವತ್ತೈದರ ಪಿಸ್ತೂಲಿನ ಜನಕನಾದ ಬ್ರೌನಿಂಗನೇ ತನ್ನ ಕೊನೆಯ ವರ್ಷಗಳಲ್ಲಿ ಒಂಬತ್ತರ ಪಿಸ್ತೂಲೊಂದನ್ನು ಯೋಜಿಸಿದ್ದನೆಂಬುದು ಈ ಚರಿತ್ರೆಯ ಒಂದು ಸೋಜಿಗ. ಅವನು ೧೯೨೬ರಲ್ಲಿ ಬೆಲ್ಜಿಯಂ ದೇಶದ ಲಿಯೇಜ್ ನಗರದ ಬಳಿಯ ಕಾರ್ಖಾನೆಯಲ್ಲಿ ಮೃತನಾದನು. ಆ ಕೆಲಸವನ್ನು ದ್ಯೂದೊನೆ ಸೈವ್ ಎಂಬ ಶಿಲ್ಪಿಯು ೧೯೩೫ರಲ್ಲಿ ಪೂರ್ಣಗೊಳಿಸಿದನು. ತೋಟಾ ಚಿಕ್ಕದಾದುದರಿಂದ ಹಿಡಿಯಲ್ಲಿ ಎರಡು ಸಾಲಾಗಿ ೧೩ ತೋಟಾಗಳನ್ನು ಇಡಲು ಸಾಧ್ಯವಾಯಿತು. ನಲವತ್ತೈದರ ಪಿಸ್ತೂಲಿನಲ್ಲಿ ೭ ಮಾತ್ರ. ಎರಡನೆಯ ಮಹಾಯುದ್ಧದಲ್ಲಿ ಕೆನಡಾದಲ್ಲಿಯೂ ಇದನ್ನು ಮಾಡಿದರು. ಆ ಕೆನಡಾದ ಮಾದರಿಯನ್ನೇ ಅನುಸರಿಸಿ ಸ್ವತಂತ್ರ ಭಾರತದಲ್ಲಿ ಬಂಗಾಳದ ಇಷಾಪುರದ ರೈಫಲ್ ಕಾರ್ಖಾನೆಯು ನಮ್ಮ ಸೈನ್ಯಕ್ಕೆ ಒಂಬತ್ತರ ಪಿಸ್ತೂಲನ್ನು ಮಾಡಿತು. ಹೀಗೆ ಈ ವಾದದಲ್ಲಿ ನಮ್ಮ ದೇಶವೂ ಹೆಚ್ಚು ಸದ್ದಿಲ್ಲದೆ ಒಂದು ಪಕ್ಷವನ್ನು ಸೇರಿದಂತಾಯಿತು.

ನಲವತ್ತೈದರ ಪಕ್ಷದವರ ಉತ್ತರವನ್ನೂ ಇಲ್ಲಿ ಹೇಳುವುದು ನ್ಯಾಯ. ಒದೆತವು ಶಿಕ್ಷಣದಿಂದ ಜಯಿಸತಕ್ಕುದು, ತೋಟಾವನ್ನು ಬದಲಾಯಿಸಿ ಜಯಿಸತಕ್ಕುದಲ್ಲ ಎಂದು ಅವರು ಹೇಳಿದರು. ಬರಿಯ ಮಾತನ್ನು ಹೇಳಿ ಸುಮ್ಮನಾಗಲೂ ಇಲ್ಲ. ಒಂದು ಕೈಯಲ್ಲಿ ಲಗಾಮು, ಇನ್ನೊಂದರಲ್ಲಿ ಪಿಸ್ತೂಲು ಎಂಬುದು ಕುದುರೆಸವಾರರ ಕಾಲದ ಪದ್ಧತಿ. ಕುದುರೆಯು ಹೋದ ಮೇಲೂ ಒಂದೇ ಕೈಯಿಂದ ಹೊಡೆಯುವ ಪದ್ಧತಿಯು ಉಳಿದಿದ್ದಿತು. ೧೯೫೦ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜೆಫ್ ಕೂಪರ್ ನಡೆಸಿದ ಸ್ಪರ್ಧೆಗಳಲ್ಲಿ ಜ್ಯಾಕ್ ವೀವರ್ ಎಂಬ ಪೊಲೀಸಿನವನು ಎರಡು ಕೈಗಳಿಂದ ಹಿಡಿದು, ಬಲಗೈಯಿಂದ ಮುಂದಕ್ಕೆ ತಳ್ಳಿ ಎಡಗೈಯಿಂದ ಹಿಂದಕ್ಕೆ ಎಳೆದು, ಎಲ್ಲರನ್ನೂ ಗೆದ್ದನು. ಕೂಪರನು ನಲವತ್ತೈದರ ಪರಮ ಭಕ್ತ. ಆದರೆ ಅವನು ಹರಡಿದ ಈ ಎರಡು ಕೈಯ ಹಿಡಿತವು ಒಂಬತ್ತರವರಿಗೂ ಅಷ್ಟೇ ಉಪಕಾರವನ್ನು ಮಾಡಿತು.

೧೯೮೫ರಲ್ಲಿ ಅಮೆರಿಕದ ಸೈನ್ಯವು ತನ್ನ ಮಿತ್ರರಾಷ್ಟ್ರಗಳ ತೋಟಾವನ್ನೇ ಬಳಸಬೇಕೆಂದು ನಿಶ್ಚಯಿಸಿ, ೭೪ ವರ್ಷಗಳ ಮೇಲೆ ನಲವತ್ತೈದನ್ನು ಬಿಟ್ಟು, ೧೫ ತೋಟಾ ಹಿಡಿಯುವ ಇಟಲಿಯ ಬೆರೆಟ್ಟಾ ಮಾದರಿಯ ಒಂಬತ್ತರ ಪಿಸ್ತೂಲನ್ನು ಸ್ವೀಕರಿಸಿತು. ವಾದವು ಮುಗಿಯಿತೆಂದು ತೋರಿತು. ಆದರೆ ಮರುವರ್ಷವೇ, ೧೯೮೬ರ ಏಪ್ರಿಲ್ ೧೧ರಂದು, ಮಿಯಾಮಿಯಲ್ಲಿ ಫೆಡರಲ್ ಬ್ಯೂರೋ ಆಫ್ ಇನ್ವೆಸ್ಟಿಗೇಷನ್ ಎಂಬ ಪತ್ತೇದಾರಿ ಇಲಾಖೆಯ ಎಂಟು ಮಂದಿಗೂ ಇಬ್ಬರು ದರೋಡೆಗಾರರಿಗೂ ಕಾಳಗವಾಯಿತು. ದರೋಡೆಗಾರರಿಬ್ಬರೂ ಸತ್ತರು, ಇಲಾಖೆಯವರಲ್ಲಿ ಇಬ್ಬರು ಸತ್ತು ಐವರು ಗಾಯಗೊಂಡರು. ಕಾಳಗದ ಆದಿಯಲ್ಲಿಯೇ ಒಂದು ಒಂಬತ್ತರ ಗುಂಡು ಒಬ್ಬ ದರೋಡೆಗಾರನ ತೋಳನ್ನು ಭೇದಿಸಿ ಎದೆಯನ್ನು ಹೊಕ್ಕು ಹೃದಯವನ್ನು ಮುಟ್ಟದೆ ನಿಂತಿತ್ತು. ಅವನು ಅನಂತರವೂ ಹೋರಾಡಿದನು. ಇಲಾಖೆಯವರು ತಮ್ಮ ಜೊತೆಗಾರರ ಸಾವಿಗೆ ಕಾರಣವನ್ನು ಹುಡುಕಿ, ಆ ಗುಂಡು ಇನ್ನು ಸ್ವಲ್ಪ ಆಳಕ್ಕೆ ಹೋಗಿದ್ದರೆ ಎಂದು ಮರುಗಿದರು. ಆ ಮರುಗು ಸಹಜವಾದುದು. ೧೯೦೪ರಲ್ಲಿ ನಡೆದುದೇ ಮತ್ತೆ ನಡೆಯಿತು. ೧೦ ಮಿಲ್ಲಿಮೀಟರಿನ ಬಲವಾದ ತೋಟಾವನ್ನು ಆರಿಸಿದರು. ಅದರ ಒದೆತವು ತಾಳಲಾರದಂತೆ ಕಂಡುದರಿಂದ ಮದ್ದನ್ನು ಕಡಮೆ ಮಾಡಿದರು. ಮದ್ದು ಕಡಮೆಯಾದ ಮೇಲೆ ಅಷ್ಟು ಉದ್ದದ ತೋಟಾ ಏತಕ್ಕೆಂದು ಅದನ್ನು ಗಿಡ್ಡಮಾಡಿ ೧೯೯೦ರಲ್ಲಿ ೦.೪೦ ಅಂಗುಲದ ಹೊಸ ತೋಟಾ ಹುಟ್ಟಿತು. ಅಮೆರಿಕದ ಪೊಲೀಸರಲ್ಲಿ ಬಹುಮಂದಿ ಅದನ್ನು ಧರಿಸಿದರು.

ಕಾಲು ಶತಮಾನವು ಕಳೆಯಿತು. ೨೦೧೪ರಲ್ಲಿ ಅದೇ ಇಲಾಖೆಯ ಶಿಕ್ಷಣ ವಿಭಾಗವು ಲೆಕ್ಕವನ್ನು ಮತ್ತೆ ಹಾಕಿ ಒಂಬತ್ತಕ್ಕೇ ಹಿಂದಿರುಗಬೇಕೆಂದು ಹೇಳಿತು. ಗುಂಡುಗಳ ರಚನೆಯು ಈ ನಡುವೆ ಸುಧಾರಿಸಿದ್ದುದರಿಂದ ಒಂಬತ್ತು, ನಲವತ್ತು, ನಲವತ್ತೈದು ಇವುಗಳ ಗಾಯಗಳಲ್ಲಿ ಗಣನೀಯವಾದ ಭೇದವು ಉಳಿದಿರಲಿಲ್ಲ. ಆದರೆ ಹೊಡೆಯುವವರಲ್ಲಿ ಭೇದವಿದ್ದಿತು: ಹೆಚ್ಚು ಮಂದಿ ಒಂಬತ್ತರಿಂದ ಬೇಗನೆಯೂ ಸರಿಯಾಗಿಯೂ ಗುರಿಯನ್ನು ಹೊಡೆದರು. ನಿಜವಾದ ಕಾಳಗದಲ್ಲಿ ಪೊಲೀಸರು ಹಾರಿಸುವ ಗುಂಡುಗಳಲ್ಲಿ ನೂರಕ್ಕೆ ೭೦ರಿಂದ ೮೦ ತಪ್ಪಿಹೋಗುವುವೆಂದು ಆ ಇಲಾಖೆಯೇ ಒಪ್ಪಿಕೊಂಡಿತು. ಈ ಸಂಖ್ಯೆಯನ್ನು ಓದಿದಾಗ ನನಗೆ ತೋರಿದ ಪ್ರಶ್ನೆಯು ಬೇರೆ. ತಪ್ಪಿದ ಗುಂಡು ಆಕಾಶದಲ್ಲಿ ಕರಗಿಹೋಗುವುದಿಲ್ಲ. ಅದು ಯಾರದೋ ಗೋಡೆಗೆ, ಯಾರದೋ ಕಿಟಕಿಗೆ, ಯಾರದೋ ಮಗುವಿನ ಕಡೆಗೆ ಹೋಗುವುದು. ಆಯುಧವನ್ನು ಎಂದೂ ಮುಟ್ಟದ ಗೃಹಸ್ಥನು ಈ ವಾದದಲ್ಲಿ ಪಾಲುಗಾರನಾಗುವುದು ಅಲ್ಲಿಯೇ.

ಒಂಬತ್ತರಲ್ಲಿ ದೋಷವೇ ಇಲ್ಲವೆಂದು ಭಾವಿಸಲಾಗದು. ೧೫ ತೋಟಾಗಳನ್ನು ಎರಡು ಸಾಲಾಗಿ ಇಟ್ಟರೆ ಹಿಡಿಯು ದಪ್ಪವಾಗುವುದು. ಸಣ್ಣ ಕೈಯುಳ್ಳವರಿಗೆ ಅದು ಹಿಡಿತಕ್ಕೆ ಬಾರದು. ಒಂದೇ ಸಾಲಿನ ನಲವತ್ತೈದರ ಹಿಡಿಯು ಅಂಥವರಿಗೆ ಹಿತವಾಗಿರುವುದೂ ಉಂಟು. ೨೦೧೭ರ ಜನವರಿಯಲ್ಲಿ ಅಮೆರಿಕದ ಸೈನ್ಯವು ಬೆರೆಟ್ಟಾವನ್ನು ಬಿಟ್ಟು ಆರಿಸಿದ ಹೊಸ ಪಿಸ್ತೂಲೂ ಒಂಬತ್ತರದೇ. ಆದರೆ ಅದರ ಹಿಡಿಯನ್ನು ಸಣ್ಣದು, ನಡುವಣದು, ದೊಡ್ಡದು ಎಂದು ಮೂರು ಅಳತೆಗಳಲ್ಲಿ ಬದಲಾಯಿಸಬಹುದು. ಷಿಕಾಗೋವಿನ ಕಸಾಯಿದೊಡ್ಡಿಯಿಂದ ಈ ಮೂರು ಹಿಡಿಗಳವರೆಗೆ ಬರಲು ೧೧೩ ವರ್ಷ ಹಿಡಿಯಿತು.

ಕೊಲ್ಲುವುದಕ್ಕಾಗಿ ಹುಟ್ಟಿದ ವಸ್ತುವನ್ನು ಕುರಿತು ಇಷ್ಟು ಬರೆದುದು ಅದರ ಮೇಲಣ ಪ್ರೀತಿಯಿಂದಲ್ಲ. ಇಂತಹ ವಸ್ತುವಿನಲ್ಲಿ ಕೂಡ ಉಕ್ಕಿಗಿಂತಲೂ ಮದ್ದಿಗಿಂತಲೂ ಮನುಷ್ಯನ ಕೈಯೇ ಕೊನೆಯ ಅಳತೆಗೋಲಾಯಿತೆಂಬುದನ್ನು ತೋರಿಸುವುದಕ್ಕಾಗಿ ಬರೆದೆನು. ನೇಗಿಲು, ಮಗ್ಗ, ಲೇಖನಿ ಇವುಗಳ ವಿಷಯದಲ್ಲಿ ನಮ್ಮ ಹಿರಿಯರು ಇದನ್ನು ಹೇಳದೆಯೇ ಅರಿತಿದ್ದರು; ಎತ್ತಿನ ಹೆಗಲನ್ನು ನೋಡಿ ನೊಗವನ್ನು ಕೆತ್ತಿದರು. ೧೯೦೪ರ ಆ ಇಬ್ಬರು ಹೇಳಿದ ಎರಡನೆಯ ಮಾತೂ ಇದೇ. ಅದನ್ನು ಆಗಲೇ ಕೇಳಿದ್ದರೆ ಸಾಕಾಗಿತ್ತು.